ಎಂ.ಎ. ಹಂತದ ಸಮಗ್ರ ಅರ್ಥಶಾಸ್ತ್ರ ಸಿದ್ಧಾಂತ: ಎಲ್ಲಿಂದ ಆರಂಭಿಸಬೇಕು, ಹೇಗೆ ಓದಬೇಕು

ಎಂ.ಎ. ಮೊದಲ ಸೆಮಿಸ್ಟರಿನ ತರಗತಿಗಳು ಆರಂಭವಾಗಿ ಒಂದೂವರೆ ತಿಂಗಳು ಕಳೆಯುವ ಹೊತ್ತಿಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ವಿದ್ಯಾರ್ಥಿಗಳು ಪ್ರತಿ ವರ್ಷವೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸರ್, ಬಿ.ಎ.ಯಲ್ಲಿ ಅರ್ಥಶಾಸ್ತ್ರಕ್ಕೆ ಒಳ್ಳೆಯ ಅಂಕ ಬಂದಿತ್ತು. ಇಲ್ಲಿ ಮ್ಯಾಕ್ರೋ (ಸಮಗ್ರ ಅರ್ಥಶಾಸ್ತ್ರ) ಪುಸ್ತಕ ತೆರೆದರೆ ಬರೀ ಸಮೀಕರಣಗಳೇ ಕಾಣುತ್ತವೆ. ಯಾವ ನೋಟ್ಸ್ ಓದಬೇಕು?" ಹೀಗೆ ಕೇಳುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು ಮತ್ತು ಎಸ್ಸೆಸ್ಸೆಲ್ಸಿಯ ನಂತರ ಗಣಿತವನ್ನು ಬಿಟ್ಟವರು. ಇವರೆಲ್ಲರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದ ಉತ್ತರವನ್ನು ಇಲ್ಲಿ ಒಂದೆಡೆ, ಕ್ರಮವಾಗಿ ಬರೆಯುತ್ತಿದ್ದೇನೆ.

ನೋಟ್ಸ್‌ನಿಂದ ಈ ವಿಷಯ ಬರುವುದಿಲ್ಲ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಬಿ.ಎ. ಹಂತದಲ್ಲಿ ನೀವು ಸಿದ್ಧಾಂತಗಳ ವಿವರಣೆಯನ್ನು ಓದಿದಿರಿ. ಅರ್ಥಶಾಸ್ತ್ರಜ್ಞ ಕೇನ್ಸ್ ಏನು ಹೇಳಿದರು, ಅದಕ್ಕೆ ಬಂದ ಟೀಕೆಗಳು ಯಾವುವು ಎಂದು ಬರೆದರೆ ಅಂಕ ಬರುತ್ತಿತ್ತು. ಸ್ನಾತಕೋತ್ತರ ಹಂತದಲ್ಲಿ ಸಿದ್ಧಾಂತವೆಂದರೆ ಮಾದರಿ, ಅಂದರೆ ಕೆಲವು ಊಹೆಗಳಿಂದ ಹೊರಟು ಒಂದೊಂದೇ ಸಾಲಿನ ತರ್ಕದಿಂದ ಕಟ್ಟಿದ ಪುಟ್ಟ ಅರ್ಥವ್ಯವಸ್ಥೆ. ಅದನ್ನು ಪುಸ್ತಕ ಮುಚ್ಚಿಟ್ಟು ನಿಮ್ಮ ಕೈಯಿಂದಲೇ ಮತ್ತೆ ಕಟ್ಟಲು ಬಂದರೆ ವಿಷಯ ಬಂದಂತೆ. ಹಾಗೆ ಕಟ್ಟುವ ಶಕ್ತಿ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಖಂಡಿತ ಇದೆ. ಕೊರತೆ ಇರುವುದು ಓದಿನ ಕ್ರಮದಲ್ಲಿ.

ಬೇಕಾಗುವ ಸಾಮಗ್ರಿ

ಒಂದು ಗಣಿತದ ಪುಸ್ತಕ, ಒಂದು ಮುಖ್ಯ ಪಠ್ಯ, ಇನ್ನೂರು ಪುಟದ ಎರಡು ಲಾಂಗ್ ನೋಟ್‌ಬುಕ್, ಪೆನ್ಸಿಲ್, ಕ್ಯಾಲ್ಕುಲೇಟರ್. ಗಣಿತಕ್ಕೆ ಆಲ್ಫಾ ಚಿಯಾಂಗ್ ಅವರ ಪಠ್ಯ ಸಾಕು. ಅದು ಬೀಜಗಣಿತದಿಂದಲೇ ಆರಂಭವಾಗುತ್ತದೆ, ಉದಾಹರಣೆಗಳು ಅರ್ಥಶಾಸ್ತ್ರದವೇ ಆಗಿರುತ್ತವೆ. ಮುಖ್ಯ ಪಠ್ಯವಾಗಿ ಡೇವಿಡ್ ರೋಮರ್ ಅವರ 'ಅಡ್ವಾನ್ಸ್ಡ್ ಮ್ಯಾಕ್ರೋಎಕನಾಮಿಕ್ಸ್' ಇಟ್ಟುಕೊಳ್ಳಿ. ಐದಾರು ಪಠ್ಯಗಳನ್ನು ಒಟ್ಟಿಗೆ ತೆರೆದು ಕೂರಬೇಡಿ, ಏಕೆಂದರೆ ಒಂದೇ ವಿಷಯಕ್ಕೆ ಒಬ್ಬೊಬ್ಬ ಲೇಖಕರು ಒಂದೊಂದು ಅಕ್ಷರವನ್ನು ಬಳಸುತ್ತಾರೆ ಮತ್ತು ಹೊಸಬರ ಗೊಂದಲದಲ್ಲಿ ಅರ್ಧ ಪಾಲು ಅಲ್ಲಿಂದಲೇ ಹುಟ್ಟುತ್ತದೆ.

ಹಂತ 1: ಎಂಟು ವಾರ ಗಣಿತ

ಈ ಎಂಟು ವಾರಗಳನ್ನು ಉಳಿಸಲು ಹೋದವರು ಮುಂದೆ ಎರಡು ವರ್ಷ ಕಷ್ಟಪಡುವುದನ್ನು ನೋಡಿದ್ದೇನೆ. ಕಲಿಯಬೇಕಾದದ್ದು ಬಹಳವಿಲ್ಲ: ಘಾತಾಂಕ ಮತ್ತು ಲಘುಗಣಕ (ಲಾಗ್), ಒಂದು ಮತ್ತು ಹಲವು ಚರಗಳ ಅವಕಲನ (ಒಂದು ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆಂದು ಅಳೆಯುವ ಕ್ರಮ), ಲಗ್ರಾಂಜ್ ವಿಧಾನ (ನಿರ್ಬಂಧವಿರುವಾಗ ಗರಿಷ್ಠವನ್ನು ಕಂಡುಹಿಡಿಯುವ ಕ್ರಮ), ಸರಳವಾದ ವ್ಯತ್ಯಾಸ ಸಮೀಕರಣ ಮತ್ತು ಅವಕಲ ಸಮೀಕರಣ (ಕಾಲಕ್ಕೆ ತಕ್ಕಂತೆ ಬದಲಾಗುವ ಪ್ರಮಾಣವನ್ನು ಹಿಡಿಯುವ ಸಮೀಕರಣಗಳು), ಸಂಭಾವ್ಯತೆಯಲ್ಲಿ ಸರಾಸರಿ ನಿರೀಕ್ಷೆಯ ಕಲ್ಪನೆ.

ಲಘುಗಣಕಕ್ಕೆ ಹೆಚ್ಚು ಸಮಯ ಕೊಡಿ. ಬೆಲೆ ಶೇ. 5 ಮತ್ತು ಪ್ರಮಾಣ ಶೇ. 3 ಏರಿದರೆ ಒಟ್ಟು ಮೌಲ್ಯ ಸುಮಾರು ಶೇ. 8 ಏರುತ್ತದೆ, ಸರಿಯಾಗಿ ಲೆಕ್ಕ ಹಾಕಿದರೆ ಶೇ. 8.15. ಗುಣಾಕಾರವನ್ನು ಕೂಡಿಕೆಯಾಗಿ ಬದಲಿಸುವ ಈ ಗುಣದಿಂದಾಗಿ ಬೆಳವಣಿಗೆಯ ಸಿದ್ಧಾಂತವೆಲ್ಲ ಲಾಗ್‌ನಲ್ಲೇ ನಡೆಯುತ್ತದೆ. ವರ್ಷಕ್ಕೆ ಶೇ. 7ರಂತೆ ಬೆಳೆಯುವ ಆದಾಯ ಸುಮಾರು ಹತ್ತು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ ಎಂಬುದನ್ನು ಲಾಗ್ ಬಳಸಿ ನೀವೇ ಸಾಧಿಸಿ ನೋಡಿ.

ಎಚ್ಚರಿಕೆ: ಗಣಿತವನ್ನು ಓದಿಕೊಂಡು ಹೋಗಬೇಡಿ. ದಿನಕ್ಕೆ ಹತ್ತು ಲೆಕ್ಕಗಳನ್ನು ಬಿಡಿಸಿ. ಬಿಡಿಸಿಟ್ಟ ಉದಾಹರಣೆಯನ್ನು ಕಣ್ಣಲ್ಲಿ ನೋಡಿ ಅರ್ಥವಾಯಿತೆಂದುಕೊಂಡ ಲೆಕ್ಕ, ಮರುದಿನ ಖಾಲಿ ಹಾಳೆಯ ಮುಂದೆ ಕೂತಾಗ ಬರುವುದಿಲ್ಲ.

ಹಂತ 2: ಪದವಿಯ ಪಾಠದಲ್ಲಿ ಉಳಿದ ತೊಡಕುಗಳನ್ನು ಬಿಡಿಸಿಕೊಳ್ಳಿ

ರಾಷ್ಟ್ರೀಯ ಆದಾಯದ ಲೆಕ್ಕ, ಕೇನ್ಸ್ 1936ರಲ್ಲಿ ಮಂಡಿಸಿದ ಪರಿಣಾಮಕಾರಿ ಬೇಡಿಕೆಯ ವಾದ (ಒಟ್ಟು ಖರ್ಚೇ ಉತ್ಪನ್ನ ಮತ್ತು ಉದ್ಯೋಗವನ್ನು ನಿರ್ಧರಿಸುತ್ತದೆ ಎಂಬುದು), ಅದರ ಆಧಾರದ ಮೇಲೆ ಹಿಕ್ಸ್ 1937ರಲ್ಲಿ ರೂಪಿಸಿದ ಐಎಸ್-ಎಲ್ಎಂ ಚಿತ್ರ (ಸರಕಿನ ಮತ್ತು ಹಣದ ಮಾರುಕಟ್ಟೆಗಳು ಒಟ್ಟಿಗೆ ಸಮತೋಲಕ್ಕೆ ಬರುವ ಆದಾಯ ಮತ್ತು ಬಡ್ಡಿದರವನ್ನು ತೋರಿಸುವ ಚಿತ್ರ), ಫಿಲಿಪ್ಸ್ ರೇಖೆ (ನಿರುದ್ಯೋಗಕ್ಕೂ ಹಣದುಬ್ಬರಕ್ಕೂ ಇರುವ ಸಂಬಂಧ). ಇವನ್ನು ಮೂರು ವಾರಗಳಲ್ಲಿ ತಿರುವಿ ಹಾಕಿದರೆ ಸಾಕು. ಒಂದು ಭೇದವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಸ್ಟಾಕ್ ಮತ್ತು ಹರಿವು.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವವರಿಗೆ ಈ ಭೇದ ಆಗಲೇ ಗೊತ್ತಿದೆ. ನೀರಿನ ಮಟ್ಟ ಇಷ್ಟು ಅಡಿ ಎಂಬುದು ಒಂದು ಕ್ಷಣದ ಅಳತೆ, ಅದು ಸ್ಟಾಕ್. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್ ಎಂಬುದಕ್ಕೆ ಕಾಲದ ಅವಧಿ ಬೇಕು, ಅದು ಹರಿವು. ಬಂಡವಾಳ, ಸಾಲದ ಬಾಕಿ, ಹಣದ ಮೊತ್ತ ಇವು ನೀರಿನ ಮಟ್ಟದಂಥವು. ಹೂಡಿಕೆ, ವಿತ್ತೀಯ ಕೊರತೆ, ಆದಾಯ ಇವು ಹರಿವಿನಂಥವು. ಸರ್ಕಾರದ ಸಾಲ ಮತ್ತು ವಿತ್ತೀಯ ಕೊರತೆಯನ್ನು ಒಂದೇ ಎಂದು ಬರೆಯುವ ಉತ್ತರಪತ್ರಿಕೆಗಳು ಇಂದಿಗೂ ಬರುತ್ತವೆ. ಎಂ.ಎ. ಹಂತದ ಪ್ರತಿಯೊಂದು ಚಲನಶೀಲ ಮಾದರಿಯೂ, ಅಂದರೆ ಕಾಲದೊಡನೆ ಸಾಗುವ ಮಾದರಿಯೂ, ಈ ಜಲಾಶಯದ ಲೆಕ್ಕವನ್ನೇ ಒಡಲಲ್ಲಿಟ್ಟುಕೊಂಡಿರುತ್ತದೆ.

ಹಂತ 3: ಸೊಲೊ ಮಾದರಿಯನ್ನು ಕೈಯಿಂದ ಕಟ್ಟಿ

ಅರ್ಥವ್ಯವಸ್ಥೆಯ ದೀರ್ಘಕಾಲದ ಬೆಳವಣಿಗೆಯನ್ನು ವಿವರಿಸುವ ಈ ಮಾದರಿಯನ್ನು ರಾಬರ್ಟ್ ಸೊಲೊ 1956ರಲ್ಲಿ ಮಂಡಿಸಿದರು. ಅದೇ ವರ್ಷ ಆಸ್ಟ್ರೇಲಿಯಾದ ಟ್ರೆವರ್ ಸ್ವಾನ್ ಕೂಡ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ಮುಂದೆ ಬರುವ ಮಾದರಿಗಳೆಲ್ಲ ಇದರ ಮೇಲೆ ನಿಲ್ಲುವುದರಿಂದ ಇದಕ್ಕೆ ನಾಲ್ಕು ವಾರ ಕೊಡಿ, ಮತ್ತು ಅಕ್ಷರಗಳಿಗೆ ಮೊದಲು ಅಂಕಿಗಳಿಂದ ಆರಂಭಿಸಿ.

ತಲಾ ಉತ್ಪನ್ನವು ತಲಾ ಬಂಡವಾಳದ ವರ್ಗಮೂಲಕ್ಕೆ ಸಮ ಎಂದು ಇಟ್ಟುಕೊಳ್ಳೋಣ. ಉಳಿತಾಯದ ದರ ಶೇ. 24. ಸವಕಳಿ ಮತ್ತು ಜನಸಂಖ್ಯೆಯ ಬೆಳವಣಿಗೆ ಸೇರಿ ಪ್ರತಿ ವರ್ಷ ತಲಾ ಬಂಡವಾಳದ ಶೇ. 6ರಷ್ಟು ಕರಗುತ್ತದೆ. ಈಗ ಬಂಡವಾಳ 9 ಇದ್ದರೆ ಉತ್ಪನ್ನ 3, ಹೂಡಿಕೆ 0.72, ಕರಗುವುದು 0.54, ಆದ್ದರಿಂದ ಬಂಡವಾಳ ಏರುತ್ತದೆ. ಬಂಡವಾಳ 25 ಇದ್ದರೆ ಹೂಡಿಕೆ 1.20, ಕರಗುವುದು 1.50, ಆದ್ದರಿಂದ ಇಳಿಯುತ್ತದೆ. ಬಂಡವಾಳ 16 ಆದಾಗ ಹೂಡಿಕೆಯೂ 0.96, ಕರಗುವುದೂ 0.96. ಒಳಹರಿವು ಮತ್ತು ಹೊರಹರಿವು ಸಮವಾಗಿ ಮಟ್ಟ ನಿಂತಿತು. ಇದನ್ನೇ ಸ್ಥಿರ ಸ್ಥಿತಿ ಎನ್ನುತ್ತಾರೆ. ಅಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಮಟ್ಟ ಮಾತ್ರ ಬದಲಾಗುವುದಿಲ್ಲ.

ಈಗ ಉಳಿತಾಯದ ದರವನ್ನು ಶೇ. 30ಕ್ಕೆ ಏರಿಸಿ. ಹೊಸ ಸ್ಥಿರ ಸ್ಥಿತಿಯಲ್ಲಿ ಬಂಡವಾಳ 25, ಉತ್ಪನ್ನ 5. ಅನುಭೋಗದ, ಅಂದರೆ ಉತ್ಪನ್ನದಲ್ಲಿ ಉಳಿತಾಯ ಕಳೆದು ಬಳಸುವ ಪಾಲಿನ, ದಾರಿಯನ್ನು ಹತ್ತಿರದಿಂದ ನೋಡಿ. ಮೊದಲು ಅದು 3.04 ಇತ್ತು. ಉಳಿತಾಯ ಏರಿದ ದಿನ ಉತ್ಪನ್ನ ಇನ್ನೂ 4 ಆಗಿರುವುದರಿಂದ ಅನುಭೋಗ 2.80ಕ್ಕೆ ಕುಸಿಯುತ್ತದೆ, ನಂತರ ನಿಧಾನವಾಗಿ ಏರುತ್ತ 3.50ರತ್ತ ಸಾಗುತ್ತದೆ. ಮೊದಲು ಹೊಟ್ಟೆ ಕಟ್ಟಬೇಕು, ಫಲ ಆಮೇಲೆ. ಇದನ್ನು ಕೋಷ್ಟಕವಾಗಿ ಇಪ್ಪತ್ತು ವರ್ಷಗಳವರೆಗೆ ಲೆಕ್ಕ ಹಾಕಿ, ಗ್ರಾಫ್ ಹಾಳೆಯ ಮೇಲೆ ಎಳೆಯಿರಿ.

ಉಳಿತಾಯ ಹೆಚ್ಚಿದಷ್ಟೂ ಒಳ್ಳೆಯದೇ ಎಂದು ಕೇಳುವವರಿಗೆ ಇದೇ ಲೆಕ್ಕ ಉತ್ತರ ಕೊಡುತ್ತದೆ. ಉಳಿತಾಯ ಶೇ. 50 ಆದಾಗ ಸ್ಥಿರ ಸ್ಥಿತಿಯ ಅನುಭೋಗ ಸುಮಾರು 4.17, ಶೇ. 60 ಆದಾಗ 4.00. ಅನುಭೋಗ ಗರಿಷ್ಠವಾಗುವ ಬಿಂದುವನ್ನು, ಇಲ್ಲಿ ಶೇ. 50ನ್ನು, ಸುವರ್ಣ ನಿಯಮ ಎನ್ನುತ್ತಾರೆ.

ಈ ಹಂತದ ಅತಿ ಸಾಮಾನ್ಯ ತಪ್ಪೆಂದರೆ ಮಟ್ಟದ ಬದಲಾವಣೆಯನ್ನು ಬೆಳವಣಿಗೆಯ ದರದ ಬದಲಾವಣೆ ಎಂದು ತಿಳಿಯುವುದು. ಉಳಿತಾಯ ಏರಿದ್ದರಿಂದ ಆದಾಯ 4ರಿಂದ 5ಕ್ಕೆ ಬಂತು, ಅಲ್ಲಿಗೆ ನಿಂತಿತು. ನಿರಂತರ ಬೆಳವಣಿಗೆ ತಂತ್ರಜ್ಞಾನದಿಂದ ಮಾತ್ರ. ಸೊಲೊ 1957ರಲ್ಲಿ ಅಮೆರಿಕದ 1909ರಿಂದ 1949ರವರೆಗಿನ ಅಂಕಿಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದಾಗ, ಪ್ರತಿ ಗಂಟೆಯ ದುಡಿಮೆಯ ಉತ್ಪನ್ನದಲ್ಲಾದ ಏರಿಕೆಯ ಎಂಟರಲ್ಲಿ ಏಳು ಪಾಲು ಬಂಡವಾಳದಿಂದ ವಿವರಿಸಲಾಗದೆ ಉಳಿಯಿತು. ಆ ಉಳಿಕೆಯನ್ನು ಅವರು ತಾಂತ್ರಿಕ ಬದಲಾವಣೆ ಎಂದು ಕರೆದರು. ಅದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಪಾಲ್ ರೋಮರ್ 1986 ಮತ್ತು 1990ರ ಪ್ರಬಂಧಗಳಲ್ಲಿ ಎತ್ತಿಕೊಂಡರು. ಪಠ್ಯದ ಲೇಖಕ ಡೇವಿಡ್ ರೋಮರ್ ಬೇರೆ, ಇವರು ಬೇರೆ. ಪರೀಕ್ಷೆಯಲ್ಲಿ ಹೆಸರು ಅದಲುಬದಲಾಗದಂತೆ ನೋಡಿಕೊಳ್ಳಿ.

ಹಂತ 4: ಎರಡು ವರ್ಷದ ರೈತ

ಸೊಲೊ ಮಾದರಿಯಲ್ಲಿ ಉಳಿತಾಯದ ದರ ಹೊರಗಿನಿಂದ ಬಂದದ್ದು. ಜನ ಏಕೆ ಅಷ್ಟೇ ಉಳಿಸುತ್ತಾರೆ ಎಂದು ಕೇಳಿದ ಕ್ಷಣದಿಂದ ನಿಜವಾದ ಸ್ನಾತಕೋತ್ತರ ಸಿದ್ಧಾಂತ ಆರಂಭವಾಗುತ್ತದೆ. ಇಲ್ಲಿ ಅವಸರ ಮಾಡಬೇಡಿ.

ಜಗಳೂರು ಕಡೆಯ ಒಬ್ಬ ಮೆಕ್ಕೆಜೋಳದ ರೈತನನ್ನು ಊಹಿಸಿಕೊಳ್ಳಿ. ಈ ವರ್ಷ ಫಸಲು ಚೆನ್ನಾಗಿದ್ದು ಆದಾಯ 2,00,000 ರೂಪಾಯಿ; ಮುಂದಿನ ವರ್ಷ 1,10,000 ಬರುವುದೆಂದು ಗೊತ್ತಿದೆ. ಬಡ್ಡಿ ಶೇ. 10. ಮುಂದಿನ ವರ್ಷದ 1,10,000ದ ಇಂದಿನ ಮೌಲ್ಯ 1,00,000. ಹಾಗಾಗಿ ಎರಡೂ ವರ್ಷಗಳ ಒಟ್ಟು ಸಂಪತ್ತು 3,00,000. ತುಷ್ಟಿಗುಣವನ್ನು (ಅನುಭೋಗದಿಂದ ಸಿಗುವ ತೃಪ್ತಿಯನ್ನು) ಅನುಭೋಗದ ಲಾಗ್ ಎಂದು ಇಟ್ಟುಕೊಳ್ಳಿ. ನಾಳಿನ ತುಷ್ಟಿಗೆ ಇಂದು ಕೊಡುವ ತೂಕವನ್ನು ಬೀಟಾ ಎನ್ನುತ್ತಾರೆ. ತಾಳ್ಮೆ ಹೆಚ್ಚಿದ್ದವರ ಬೀಟಾ ಒಂದಕ್ಕೆ ಹತ್ತಿರವಿರುತ್ತದೆ. ಇಲ್ಲಿ ಬೀಟಾ 0.875 ಇರಲಿ.

ಲಗ್ರಾಂಜ್ ವಿಧಾನದಿಂದ ಬಿಡಿಸಿದರೆ ಈ ವರ್ಷದ ಅನುಭೋಗ 3,00,000ವನ್ನು 1.875ರಿಂದ ಭಾಗಿಸಿದಷ್ಟು, ಅಂದರೆ 1,60,000. ಉಳಿತಾಯ 40,000. ಅದು ಬಡ್ಡಿ ಸೇರಿ 44,000 ಆಗಿ, ಮುಂದಿನ ವರ್ಷದ ಅನುಭೋಗ 1,54,000. ಆದಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದರೂ ಮನೆಯ ಖರ್ಚು ಬಹುತೇಕ ಸಮನಾಗಿ ಉಳಿಯಿತು.

ಈ ಉತ್ತರದ ಹಿಂದಿರುವ ನಿಯಮವೇ ಆಯ್ಲರ್ ಸಮೀಕರಣ. ಅದನ್ನು ಅಕ್ಷರಗಳಲ್ಲಿ ಬಾಯಿಪಾಠ ಮಾಡುವ ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ: ಇಂದು ಒಂದು ರೂಪಾಯಿಯ ಖರ್ಚನ್ನು ಬಿಟ್ಟರೆ ಕಳೆದುಕೊಳ್ಳುವ ತುಷ್ಟಿಯೂ, ಆ ರೂಪಾಯಿ ಬಡ್ಡಿಯೊಡನೆ ನಾಳೆ ಮರಳಿದಾಗ ಸಿಗುವ ತುಷ್ಟಿಯ ಇಂದಿನ ತೂಕವೂ ಸಮನಾಗಿರಬೇಕು. ಸಮನಿಲ್ಲದಿದ್ದರೆ ರೂಪಾಯಿಯನ್ನು ಅತ್ತಿಂದಿತ್ತ ಸರಿಸಿ ಇನ್ನೂ ಲಾಭ ಪಡೆಯಬಹುದಿತ್ತು. ಲಾಗ್ ತುಷ್ಟಿಗುಣದಲ್ಲಿ ಇದು ನಾಳಿನ ಮತ್ತು ಇಂದಿನ ಅನುಭೋಗಗಳ ಅನುಪಾತ ಬೀಟಾ ಗುಣಿಸು 1.10ಕ್ಕೆ, ಅಂದರೆ 0.9625ಕ್ಕೆ ಸಮ ಎಂದಾಗುತ್ತದೆ. 1,54,000ವನ್ನು 1,60,000ದಿಂದ ಭಾಗಿಸಿ ನೋಡಿ, ತಾಳೆ ಬರುತ್ತದೆ. ನಾನು ನೋಡಿದ ಎಷ್ಟೋ ನೋಟ್‌ಬುಕ್‌ಗಳಲ್ಲಿ ಈ ಸಮೀಕರಣದ ಕಾಲಸೂಚಕ ಅಂಕಿ ಒಂದು ಕಡೆ ತಪ್ಪಾಗಿರುತ್ತದೆ ಮತ್ತು ಬರೆದವರಿಗೆ ಅದು ತಿಳಿದಿರುವುದಿಲ್ಲ. ಮಾತಿನಲ್ಲಿ ಹೇಳಲು ಬಂದವರಿಗೆ ಆ ತಪ್ಪು ಆಗುವುದೇ ಇಲ್ಲ.

ಇದೇ ಲೆಕ್ಕದಲ್ಲಿ ಇನ್ನೆರಡು ಪ್ರಯೋಗ ಮಾಡಿ. ಈ ವರ್ಷ ಮಾತ್ರ 10,000 ಹೆಚ್ಚು ಬಂದರೆ ಈ ವರ್ಷದ ಅನುಭೋಗ 5,333 ಏರುತ್ತದೆ. ಎರಡೂ ವರ್ಷ 10,000 ಹೆಚ್ಚು ಬಂದರೆ 10,182 ಏರುತ್ತದೆ. ತಾತ್ಕಾಲಿಕ ಆದಾಯ ಮತ್ತು ಶಾಶ್ವತ ಆದಾಯದ ಬಗ್ಗೆ ಫ್ರೀಡ್‌ಮನ್ 1957ರಲ್ಲಿ ಹೇಳಿದ್ದು ಇದನ್ನೇ.

ಎರಡನೆಯ ಪ್ರಯೋಗ ನಮ್ಮ ನೆಲಕ್ಕೆ ಹೆಚ್ಚು ಹತ್ತಿರದ್ದು. ಆದಾಯಗಳನ್ನು ತಿರುವುಮುರುವಾಗಿಸಿ: ಈ ವರ್ಷ ಬರ, ಆದಾಯ 1,10,000, ಮುಂದಿನ ವರ್ಷ 2,00,000. ಸೂತ್ರದ ಪ್ರಕಾರ ಈ ವರ್ಷ 1,55,636 ಖರ್ಚು ಮಾಡಬೇಕು, ಅದಕ್ಕಾಗಿ 45,636 ಸಾಲ ಪಡೆಯಬೇಕು. ಸಾಲ ಸಿಗದಿದ್ದರೆ ಖರ್ಚು 1,10,000ಕ್ಕೇ ನಿಲ್ಲುತ್ತದೆ. ಆಗ ಆಯ್ಲರ್ ಸಮೀಕರಣ ಸಮಾನತೆಯಾಗಿ ಉಳಿಯದೆ ಅಸಮಾನತೆಯಾಗುತ್ತದೆ: ಇಂದಿನ ಒಂದು ರೂಪಾಯಿಯ ತುಷ್ಟಿ ನಾಳಿನದಕ್ಕಿಂತ ಬಹಳ ಹೆಚ್ಚಾಗಿದ್ದರೂ ಅದನ್ನು ಇತ್ತ ತರುವ ದಾರಿ ಇಲ್ಲ. ಇದಕ್ಕೆ ಸಾಲದ ನಿರ್ಬಂಧ ಎಂದು ಹೆಸರು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬಂದ ವಿದ್ಯಾರ್ಥಿಗಳಿಗೆ ಈ ಅಸಮಾನತೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಅದನ್ನು ಸಮೀಕರಣವಾಗಿ ಬರೆಯುವುದನ್ನಷ್ಟೇ ಕಲಿಯಬೇಕು.

ಹಂತ 5: ಎರಡು ವರ್ಷದಿಂದ ಅನಂತದವರೆಗೆ

ಎರಡು ವರ್ಷದ ಲೆಕ್ಕವನ್ನು ಸೊಲೊ ಮಾದರಿಯ ಬಂಡವಾಳದ ಸಮೀಕರಣದೊಡನೆ ಸೇರಿಸಿ ಕಾಲಾವಧಿಯನ್ನು ಅನಂತವಾಗಿಸಿದರೆ ರಾಮ್ಸೆ ಮಾದರಿ. ಫ್ರಾಂಕ್ ರಾಮ್ಸೆ ಇದನ್ನು 1928ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ ಪ್ರಕಟಿಸಿದರು. ಕ್ಯಾಸ್ ಮತ್ತು ಕೂಪ್‌ಮನ್ಸ್ 1965ರಲ್ಲಿ ಅದಕ್ಕೆ ಇಂದಿನ ರೂಪ ಕೊಟ್ಟರು.

ಇಲ್ಲಿ ಬಹುತೇಕರು ಎಡವುವುದು ಹಂತಚಿತ್ರದಲ್ಲಿ, ಅಂದರೆ ಅಡ್ಡಕ್ಕೆ ಬಂಡವಾಳ, ಉದ್ದಕ್ಕೆ ಅನುಭೋಗ ಇಟ್ಟು ಬಾಣಗಳನ್ನು ಎಳೆಯುವ ಚಿತ್ರದಲ್ಲಿ. ಮತ್ತೆ ಜಲಾಶಯವನ್ನು ನೆನೆಯಿರಿ. ನೀರಿನ ಮಟ್ಟ ಒಂದೇ ರಾತ್ರಿಯಲ್ಲಿ ಹತ್ತು ಅಡಿ ಏರುವುದಿಲ್ಲ. ಬಂಡವಾಳವೂ ಹಾಗೆಯೇ, ಅದು ಹಿಂದಿನ ತೀರ್ಮಾನಗಳಿಂದ ಬಂದದ್ದು. ಆದರೆ ತೂಬನ್ನು ಈ ಕ್ಷಣವೇ ಎಷ್ಟು ಬೇಕಾದರೂ ಎತ್ತಬಹುದು. ಅನುಭೋಗ ಆ ತೂಬು. ಹೆಚ್ಚು ಎತ್ತಿದರೆ ಜಲಾಶಯ ಬತ್ತುತ್ತದೆ. ಕಡಿಮೆ ಎತ್ತಿದರೆ ನೀರು ಯಾರಿಗೂ ಆಗದೆ ನಿಲ್ಲುತ್ತದೆ. ಸ್ಥಿರ ಸ್ಥಿತಿಗೆ ಒಯ್ಯುವ ಎತ್ತರ ಒಂದೇ ಒಂದು. ಆ ದಾರಿಗೆ ತಡಿಪಥ ಎನ್ನಬಹುದು, ಕುದುರೆಯ ತಡಿಯಂತೆ ಒಂದು ದಿಕ್ಕಿನಿಂದ ಮಾತ್ರ ನಡುವಿಗೆ ಜಾರುವ ದಾರಿ. ಬಳಸದೆ ನಿಲ್ಲುವ ನೀರನ್ನು ತಳ್ಳಿಹಾಕುವ ಷರತ್ತನ್ನು ಟ್ರಾನ್ಸ್‌ವರ್ಸಾಲಿಟಿ ಷರತ್ತು ಎನ್ನುತ್ತಾರೆ. ಅದನ್ನು ಬರೆಯದೆ ಬಿಟ್ಟರೆ ಉತ್ತರ ಅಪೂರ್ಣ.

ತಲೆಮಾರುಗಳು ಒಂದರ ಮೇಲೊಂದು ಬರುವ ಮಾದರಿಯನ್ನು (ಸ್ಯಾಮ್ಯುಯೆಲ್ಸನ್, 1958, ಡೈಮಂಡ್, 1965) ಇದರ ನಂತರ ಓದಿ. ಅಲ್ಲಿ ಸುವರ್ಣ ನಿಯಮವನ್ನು ಮೀರಿ ಉಳಿತಾಯವಾಗುವ ಸಾಧ್ಯತೆ ಇದೆ, ರಾಮ್ಸೆಯಲ್ಲಿ ಇಲ್ಲ. ಏಕೆಂಬುದನ್ನು ಒಂದು ಪುಟದಲ್ಲಿ ಬರೆಯಲು ಬಂದರೆ ಈ ಹಂತ ಮುಗಿದಂತೆ.

ಹಂತ 6: ನಿರೀಕ್ಷೆ, ವ್ಯಾಪಾರ ಆವರ್ತ, ಹಣಕಾಸು ನೀತಿ

ರಾಬರ್ಟ್ ಲ್ಯೂಕಸ್ 1976ರಲ್ಲಿ ಎತ್ತಿದ ಆಕ್ಷೇಪದಿಂದ ಆರಂಭಿಸಿ. ಹಿಂದಿನ ವರ್ಷಗಳ ಮೆಕ್ಕೆಜೋಳದ ಬೆಲೆಗೂ ಮರುವರ್ಷ ಬಿತ್ತನೆಯಾದ ಪ್ರದೇಶಕ್ಕೂ ಇರುವ ಸಂಬಂಧವನ್ನು ಅಂಕಿಅಂಶದಿಂದ ಅಳೆದಿದ್ದೀರಿ ಎಂದುಕೊಳ್ಳಿ. ಇನ್ನು ಮುಂದೆ ಫಸಲನ್ನೆಲ್ಲ ನಿಗದಿತ ಬೆಲೆಗೆ ಖರೀದಿಸುವುದಾಗಿ ಸರ್ಕಾರ ಘೋಷಿಸಿ, ರೈತರು ಅದನ್ನು ನಂಬಿದರೆ, ಅವರು ಹಿಂದಿನ ಬೆಲೆಯನ್ನು ನೋಡಿ ಬಿತ್ತುವುದನ್ನೇ ನಿಲ್ಲಿಸುತ್ತಾರೆ. ನೀವು ಅಳೆದ ಸಂಬಂಧ ಮುರಿದುಬೀಳುತ್ತದೆ. ನೀತಿ ಬದಲಾದಾಗ ಜನರ ನಡೆಯ ನಿಯಮವೂ ಬದಲಾಗುವುದರಿಂದ, ಅಭಿರುಚಿ ಮತ್ತು ತಂತ್ರಜ್ಞಾನದ ಮಟ್ಟದಿಂದಲೇ ಮಾದರಿಯನ್ನು ಕಟ್ಟಬೇಕೆಂಬ ಒತ್ತಾಯ ಇಲ್ಲಿಂದ ಬಂತು. ಕಿಡ್‌ಲ್ಯಾಂಡ್ ಮತ್ತು ಪ್ರೆಸ್ಕಾಟ್ 1982ರಲ್ಲಿ ಕಟ್ಟಿದ ನೈಜ ವ್ಯಾಪಾರ ಆವರ್ತ ಮಾದರಿ (ಅರ್ಥವ್ಯವಸ್ಥೆಯ ಏರಿಳಿತಗಳನ್ನು ವಿವರಿಸುವ ಮಾದರಿ), ತಂತ್ರಜ್ಞಾನದ ಏರಿಳಿತ ಸೇರಿಸಿದ ರಾಮ್ಸೆ ಮಾದರಿಯೇ. ಆದ್ದರಿಂದ ಐದನೆಯ ಹಂತವನ್ನು ಬಿಟ್ಟು ಇಲ್ಲಿಗೆ ಬಂದವರಿಗೆ ಏನೂ ಹಿಡಿತಕ್ಕೆ ಸಿಗುವುದಿಲ್ಲ.

ನವ ಕೇನ್ಸೀಯ ಮಾದರಿಯಲ್ಲಿ ಬೆಲೆಗಳು ಕೂಡಲೇ ಬದಲಾಗುವುದಿಲ್ಲ. ಬೆಣ್ಣೆಯ ದರ ವಾರವಾರವೂ ಏರಿಳಿದರೂ ದಾವಣಗೆರೆಯ ಹೋಟೆಲಿನ ಹಲಗೆಯ ಮೇಲಿನ ಬೆಣ್ಣೆ ದೋಸೆಯ ದರ ತಿಂಗಳುಗಟ್ಟಲೆ ಹಾಗೇ ಇರುತ್ತದಲ್ಲವೇ? ಕಾಲ್ವೊ 1983ರಲ್ಲಿ ಕೊಟ್ಟ ಸರಳ ರೂಪದಲ್ಲಿ, ಪ್ರತಿ ಅವಧಿಯಲ್ಲಿ ಒಂದು ನಿಶ್ಚಿತ ಪಾಲು ಉದ್ದಿಮೆಗಳಿಗೆ ಮಾತ್ರ ದರ ಬದಲಿಸುವ ಅವಕಾಶ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ನಾಲ್ಕರಲ್ಲಿ ಒಂದು ಪಾಲು ಬದಲಿಸಿದರೆ ಒಂದು ದರದ ಸರಾಸರಿ ಆಯುಸ್ಸು ಒಂದು ವರ್ಷ.

ಇದರೊಡನೆ ಟೇಲರ್ 1993ರಲ್ಲಿ ಸೂಚಿಸಿದ ಬಡ್ಡಿದರದ ನಿಯಮವನ್ನು ಕಲಿಯಿರಿ. ಅವರ ಮೂಲ ಅಂಕಿಗಳ ಪ್ರಕಾರ, ಉತ್ಪನ್ನ ತನ್ನ ಸಹಜ ಮಟ್ಟದಲ್ಲಿದ್ದು ಹಣದುಬ್ಬರ ಶೇ. 4 ಇದ್ದರೆ ನೀತಿ ಬಡ್ಡಿದರ (ಕೇಂದ್ರ ಬ್ಯಾಂಕ್ ನಿಗದಿಪಡಿಸುವ ದರ) ಶೇ. 7, ಹಣದುಬ್ಬರ ಶೇ. 5 ಆದರೆ ದರ ಶೇ. 8.5. ಹಣದುಬ್ಬರಕ್ಕಿಂತ ಬಡ್ಡಿ ಹೆಚ್ಚು ಏರಬೇಕು, ಇಲ್ಲವಾದರೆ ನೈಜ ಬಡ್ಡಿದರ (ಹಣದುಬ್ಬರವನ್ನು ಕಳೆದ ಬಡ್ಡಿ) ಇಳಿದು ಹಣದುಬ್ಬರಕ್ಕೆ ಇನ್ನಷ್ಟು ಇಂಬು ಸಿಗುತ್ತದೆ. ನಮ್ಮ ದೇಶದಲ್ಲಿ 2016ರ ತಿದ್ದುಪಡಿಯಿಂದ ರಿಸರ್ವ್ ಬ್ಯಾಂಕಿಗೆ ಹಣದುಬ್ಬರದ ಗುರಿ ಕಾನೂನಿನ ಮೂಲಕವೇ ಬಂದಿದೆ: ಶೇ. 4, ಎರಡೂ ಬದಿಗೆ ಶೇ. 2ರ ಅವಕಾಶ, ತೀರ್ಮಾನಕ್ಕೆ ಆರು ಸದಸ್ಯರ ಸಮಿತಿ. ಆ ಸಮಿತಿಯ ನಿರ್ಣಯ ಪ್ರಕಟವಾದಾಗಲೆಲ್ಲ ಓದಿ, ಅದರ ವಾದವು ಮಾದರಿಯ ಯಾವ ಸಮೀಕರಣಕ್ಕೆ ಸೇರುತ್ತದೆ ಎಂದು ಅಂಚಿನಲ್ಲಿ ಗುರುತು ಹಾಕಿ.

ಹಂತ 7: ಅಂಕಿಅಂಶ ಮತ್ತು ಕಂಪ್ಯೂಟರ್

ಎಕ್ಸೆಲ್ ಸಾಕು, ಆಸಕ್ತಿ ಇದ್ದರೆ ಪೈಥಾನ್ ಅಥವಾ ಆಕ್ಟೇವ್, ಎರಡೂ ಉಚಿತ. ಮೂರನೆಯ ಹಂತದ ಸೊಲೊ ಕೋಷ್ಟಕವನ್ನು ಇನ್ನೂರು ವರ್ಷಗಳವರೆಗೆ ಓಡಿಸುವುದು ಮೊದಲ ಅಭ್ಯಾಸವಾಗಲಿ. ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿರುವ ಅಂಕಿಅಂಶಗಳನ್ನು ಬಳಸುವಾಗ ಚಾಲ್ತಿ ಬೆಲೆಯ ಅಂಕಿ ಯಾವುದು, ಸ್ಥಿರ ಬೆಲೆಯದು ಯಾವುದು, ಸ್ಥಿರ ಬೆಲೆಗೆ ಯಾವ ವರ್ಷದ ಬೆಲೆಯನ್ನು ಹಿಡಿದಿದ್ದಾರೆ, ಅಂದರೆ ಆಧಾರ ವರ್ಷ ಯಾವುದು ಎಂದು ಪ್ರತಿ ಬಾರಿಯೂ ನೋಡಿ. ಬೇರೆ ಬೇರೆ ಆಧಾರ ವರ್ಷದ ಸರಣಿಗಳನ್ನು ನೇರವಾಗಿ ಜೋಡಿಸಬೇಡಿ.

ಹಂತ 8: ಭಾಷೆ ಮತ್ತು ಪರೀಕ್ಷೆ

ಪಠ್ಯ ಇಂಗ್ಲಿಷಿನಲ್ಲಿದೆ, ಅಧ್ಯಾಪಕ ಹುದ್ದೆಯ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತವೆ. ಆದ್ದರಿಂದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮೂರು ಕಾಲಂ ಹಾಕಿ: ಇಂಗ್ಲಿಷ್ ಪದ, ಕನ್ನಡ ಪದ, ಒಂದು ಸಾಲಿನ ಕನ್ನಡ ವಿವರಣೆ. ಮೂರನೆಯ ಕಾಲಂ ತುಂಬಲು ಬಾರದ ಪದ ನಿಮಗೆ ಇನ್ನೂ ತಿಳಿದಿಲ್ಲವೆಂದೇ ಲೆಕ್ಕ. ಉತ್ತರ ಬರೆಯುವಾಗ ಊಹೆಗಳು, ಸಮೀಕರಣಗಳು, ಚಿತ್ರ, ಫಲಿತಾಂಶ ಈ ಕ್ರಮವನ್ನು ಬಿಡಬೇಡಿ. ಚಿತ್ರದ ಎರಡೂ ಅಕ್ಷಗಳಿಗೆ ಹೆಸರು ಬರೆಯಿರಿ.

ಒಬ್ಬರೇ ಓದಬೇಡಿ. ಮೂವರು ಸೇರಿ ಭಾನುವಾರ ಎರಡು ಗಂಟೆ ಕೂತುಕೊಳ್ಳಿ. ಒಬ್ಬರು ಪುಸ್ತಕ ನೋಡದೆ ಬೋರ್ಡಿನ ಮೇಲೆ ಒಂದು ಮಾದರಿಯನ್ನು ಮೊದಲಿನಿಂದ ಕಟ್ಟುತ್ತ, ಪ್ರತಿ ಸಾಲನ್ನೂ ಕನ್ನಡದಲ್ಲಿ ವಿವರಿಸಬೇಕು, ಉಳಿದಿಬ್ಬರು ಪ್ರತಿ ಸಾಲಿಗೂ "ಇದು ಏಕೆ?" ಎಂದು ಕೇಳಬೇಕು. ಉತ್ತರ ಸಿಗದೆ ನಿಂತ ಸಾಲನ್ನು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಓದು ಆ ಸಾಲಿನಿಂದ ಆರಂಭವಾಗಬೇಕು.